ಬಾಗಿಲು ಕಾಯುವವರಿಗೂ ಸಿನಿಮಾ ತೋರಿಸಿ

ಮಾನ್ಯ ಸಂಪಾದಕರೇ,

ನಮ್ಮ ಕಾಲೇಜಿನ ವಿದ್ಯಾರ್ಥಿಗಳು ನಡೆಸಿದ ಮೂರು ದಿನದ ಚಿತ್ರೋತ್ಸವದ ಬಗ್ಗೆ ಹಿರಿಯರೊಬ್ಬರು ಬರೆದ ಪತ್ರ ಹೋದ ವಾರ ಇದೇ ಅಂಕಣದಲ್ಲಿ ಬಂದಿತ್ತು. ಸಿನಿಮಾಗಳ ಆಯ್ಕೆ ಚೆನ್ನಾಗಿತ್ತು ಅಂತ ಒಂದು ಸಾಲು. ಉಳಿದದ್ದೆಲ್ಲ ಸ್ವಯಂಸೇವಕರ ಮೇಲಿನ ದೂರು. ಬಾಗಿಲಲ್ಲಿ ನಿಂತ ಹುಡುಗಿ ‘ನೀವು ಯಾರ ಕಡೆಯವರು?’ ಎಂದು ಕೇಳಿದಳು. ಸಿನಿಮಾ ನಡುವೆ ಪದೇ ಪದೇ ಬಾಗಿಲು ತೆಗೆದು ಪರದೆ ಮೇಲೆ ಬೆಳಕು ಬಿತ್ತು. ಹುಡುಗರು ಹಿಂದೆ ಮೊಬೈಲ್ ಒತ್ತುತ್ತಾ ಕೂತಿದ್ದರು.

ಆ ಸ್ವಯಂಸೇವಕರನ್ನು ಸೇರಿಸಿದವಳು, ಯಾರು ಯಾವಾಗ ಎಲ್ಲಿ ನಿಲ್ಲಬೇಕು ಅಂತ ಪಟ್ಟಿ ಬರೆದವಳು ನಾನು. ಹಾಗಾಗಿ ಬೈಸಿಕೊಳ್ಳಬೇಕಾದವಳೂ ನಾನೇ. ಬಾಗಿಲಿನ ಹುಡುಗಿ ಪತ್ರ ಓದಿ ಅತ್ತಿದ್ದಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಅವಳ ವಿಷಯ ಮುಗಿಸುತ್ತೇನೆ. ‘ಯಾರ ಕಡೆಯವರು’ ಅಂತ ಕೇಳು ಎಂದು ಅವಳಿಗೆ ಹೇಳಿಕೊಟ್ಟಿದ್ದು ನಾನು. ಸಿನಿಮಾ ನಮ್ಮ ಸ್ವತ್ತಲ್ಲ, ಅಲ್ವಾ? ಊರಿಗೆಲ್ಲ ತೋರಿಸಬೇಕಾದರೆ ಹಕ್ಕಿರುವವರ ಒಪ್ಪಿಗೆ ಬೇಕು, ಟಿಕೆಟ್ ಇಲ್ಲದಿದ್ದರೂ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಶಾಲೆ ಕಾಲೇಜುಗಳಿಗೆ ಒಂದು ವಿನಾಯಿತಿ ಇದೆ. ಸಂಸ್ಥೆಯ ಚಟುವಟಿಕೆಯಾಗಿ ಸಿನಿಮಾ ತೋರಿಸಬಹುದು. ಆದರೆ ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆ ತಾಯಿ ಪೋಷಕರು, ಸಂಸ್ಥೆಯ ಚಟುವಟಿಕೆಗೆ ಸಂಬಂಧಪಟ್ಟವರು, ಇಷ್ಟೇ ಜನ ಆಗಿರಬೇಕು. ನಾವು ತೋರಿಸಿದ ಒಂಬತ್ತು ಚಿತ್ರಗಳಲ್ಲಿ ನಾಲ್ಕಕ್ಕೆ ಮಾಡಿದವರಿಂದಲೇ ಪತ್ರ ತರಿಸಿದ್ದೆವು. ಅವು ಊರಿಗೆಲ್ಲ ತೆರೆದಿದ್ದವು. ಉಳಿದ ಐದು ಮನೆಮಂದಿಗೆ ಮಾತ್ರ. ಆ ಹಿರಿಯರು ಬಂದದ್ದು ಅಂಥದೊಂದು ಚಿತ್ರಕ್ಕೆ. ಮೊಮ್ಮಗಳು ನಮ್ಮಲ್ಲೇ ಓದುತ್ತಾಳೆ ಎಂದು ಹೇಳಿದ ಮೇಲೆ ಒಳಗೆ ಬಿಟ್ಟಿದ್ದಾರೆ. ಕೇಳಿದ ರೀತಿ ಒರಟಾಗಿತ್ತು ಅಂದರೆ ಒಪ್ಪುತ್ತೇನೆ. ‘ಅಜ್ಜಾ, ಒಳಗೆ ಬನ್ನಿ, ಇಲ್ಲೇ ಯಾರಾದರೂ ಓದ್ತಿದ್ದಾರಾ?’ ಎಂದು ಕೇಳುವುದನ್ನು ಹೇಳಿಕೊಡಬೇಕಿತ್ತು. ಬಾಗಿಲಲ್ಲಿ ಒಂದು ಬೋರ್ಡ್ ಹಾಕಿದ್ದರೆ ಅದೂ ಬೇಕಿರಲಿಲ್ಲ. ಬೋರ್ಡ್ ಬರೆಯಬೇಕಾಗಿದ್ದವನು ಅವತ್ತು ಅಡಿಕೆ ಸುಲಿಯುತ್ತಿದ್ದ.

ಅಡಿಕೆಯ ಮಾತು ಸುಮ್ನೆ ಎತ್ತಿದ್ದಲ್ಲ. ಡಿಸೆಂಬರಿನಲ್ಲಿ ವಾಟ್ಸ್ಆ್ಯಪ್ ಗ್ರೂಪ್ ಮಾಡಿದಾಗ 46 ಜನ ಹೆಸರು ಕೊಟ್ಟರು. ‘ಟೀ ಶರ್ಟ್ ಇದೆಯಾ?’ ಎಂಬುದೇ ಮೊದಲ ಪ್ರಶ್ನೆ. ಇದೆ ಅಂದೆ. ಇನ್ನೂ ಆರು ಜನ ಸೇರಿದರು. ಮೊದಲ ದಿನ ಬೆಳಿಗ್ಗೆ ಎಂಟೂವರೆಗೆ ಎಣಿಸಿದರೆ 19 ತಲೆ. ಸಾಗರದ ಸುತ್ತ ಜನವರಿ ಅಂದರೆ ಅಡಿಕೆ ಕೊಯ್ಲು. ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗಾರ ಬಂದ ದಿನವೇ ಕೊಯ್ಲು, ಕೊಯ್ದ ಮೇಲೆ ಮನೆಮಂದಿಯೆಲ್ಲ ಸುಲಿಯಲು ಕೂರಬೇಕು. ಅವನು ಚಿತ್ರೋತ್ಸವದ ದಿನಾಂಕ ನೋಡಿಕೊಂಡು ಬರುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದ ನಾನು ಇಷ್ಟು ಯೋಚಿಸದೆ ಜನವರಿ ಇಟ್ಟುಕೊಂಡೆ ನೋಡಿ, ಅಪ್ಪ ಈಗಲೂ ನಗುತ್ತಾರೆ.

ಇನ್ನು ಬಸ್ಸು. ಐದು ಗಂಟೆಯ ಸಿನಿಮಾ ಮುಗಿಯುವಾಗ ಏಳು. ಅಷ್ಟರಲ್ಲಿ ಎಷ್ಟೋ ಊರುಗಳ ಕೊನೆ ಬಸ್ಸು ಹೋಗಿರುತ್ತದೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿಗೆ ಸೇತುವೆ ಆದ ಮೇಲೆ ತುಮರಿ ಕಡೆಯವರಿಗೆ ಲಾಂಚಿನ ಚಿಂತೆ ತಪ್ಪಿದೆ, ಬಸ್ಸಿನ ಚಿಂತೆ ತಪ್ಪಿಲ್ಲ. ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಟಿಕೆಟ್ ದುಡ್ಡು ಉಳಿಯುತ್ತದೆ. ಬಸ್ಸೇ ಇಲ್ಲದಿದ್ದರೆ ಪುಕ್ಕಟೆ ಟಿಕೆಟ್ ಇಟ್ಟುಕೊಂಡು ಏನು ಮಾಡುವುದು? ಬಾರದೆ ಇದ್ದ 33 ಜನರನ್ನು ಮೊದಲು ಸಿಕ್ಕಾಪಟ್ಟೆ ಬೈದಿದ್ದೆ. ಯಾರ ಊರು ಎಲ್ಲಿ, ಕೊನೆ ಬಸ್ಸು ಎಷ್ಟಕ್ಕೆ ಅಂತ ಹೆಸರಿನ ಮುಂದೆ ಬರೆದು ನೋಡಿದ ಮೇಲೆ ಬಾಯಿ ಮುಚ್ಚಿದೆ.

ಈಗ ಬಾಗಿಲು ಮತ್ತು ಬೆಳಕು. ಇದೇ ನನಗೆ ಹೇಳಬೇಕಾಗಿರುವ ಮುಖ್ಯ ವಿಷಯ.

ನಮ್ಮದು ಸೆಮಿನಾರ್ ಹಾಲ್. ಒಂದು ಗೋಡೆಯ ಉದ್ದಕ್ಕೂ ಕಿಟಕಿ. ಮೊದಲು ನೀಲಿ ಟಾರ್ಪಾಲ್ ಕಟ್ಟಿದೆವು. ಹಗಲಲ್ಲಿ ಹಾಲ್ ಪೂರ್ತಿ ನೀಲಿ, ಪರದೆಯ ಮೇಲಿನ ಮುಖಗಳೂ ನೀಲಿ. ಆಮೇಲೆ ಗೆಳತಿಯ ಮನೆಯಿಂದ ಸಸಿಗಳಿಗೆ ಕಟ್ಟುವ ಕಪ್ಪು ಶೇಡ್ ನೆಟ್ ತಂದು ನಾಲ್ಕು ಮಡಿಕೆ ಮಾಡಿ ಕಟ್ಟಿದೆವು. ಕತ್ತಲೆ ಬಂತು. ಆದರೆ ಕತ್ತಲೆ ಚೆನ್ನಾಗಿದ್ದಷ್ಟೂ ಬಾಗಿಲು ತೆಗೆದಾಗ ಬೆಳಕು ಕಣ್ಣಿಗೆ ಹೊಡೆಯುತ್ತದೆ.

ಪಾಳಿಯನ್ನು ನಾನು ಗಡಿಯಾರ ನೋಡಿ ಹಾಕಿದ್ದೆ. ಎರಡೆರಡು ಗಂಟೆ. ಒಂಬತ್ತೂವರೆಯಿಂದ ಹನ್ನೊಂದೂವರೆ, ಅಲ್ಲಿಂದ ಒಂದೂವರೆ, ಹೀಗೆ. ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು, ನಾಲ್ಕು ಬಣ್ಣದ ಪೆನ್ನಲ್ಲಿ ಬರೆದಿದ್ದೆ. ಆದರೆ ಹತ್ತಕ್ಕೆ ಶುರುವಾದ ಸಿನಿಮಾ ಹನ್ನೆರಡಕ್ಕೆ ಮುಗಿಯುತ್ತದೆ. ಹನ್ನೊಂದೂವರೆಗೆ ಸರಿಯಾಗಿ, ಕತೆ ಬಿಗಿಯಾಗುವ ಹೊತ್ತಿಗೆ, ಐದು ಜನ ಎದ್ದು ಹೊರಗೆ, ಐದು ಜನ ಒಳಗೆ. ಹಿರಿಯರು ಕಂಡ ಬೆಳಕು ಅದೇ. ಅವತ್ತು ‘ಬಾಗಿಲು ಹಾಕ್ರೋ!’ ಎಂದು ಕೂಗಿದವರು ಅವರೇ ಇರಬೇಕು. ಅವರಿಗೆ ನನ್ನ ಕ್ಷಮೆ.

ಇದರ ಇನ್ನೊಂದು ಫಲ ನನಗೆ ರಾತ್ರಿ ಗೊತ್ತಾಯಿತು. ಮೊದಲ ದಿನ ಸ್ವಯಂಸೇವಕರಲ್ಲಿ ಒಬ್ಬರೂ ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ. ಕೆಲವರು ಮೊದಲರ್ಧ ಕಂಡರು, ಕೆಲವರು ಕೊನೆಯರ್ಧ. ಬರಬೇಕಾದವರು ಬಾರದೆ ಇದ್ದದ್ದರಿಂದ ಮೊದಲ ವರ್ಷದ ಹುಡುಗನೊಬ್ಬ ದಿನವಿಡೀ ಬಾಗಿಲ ಹೊರಗೇ ನಿಂತಿದ್ದ. ಒಳಗಿನ ಸದ್ದು ಮಾತ್ರ ಕೇಳಿದ್ದಾನೆ. ಕುರ್ಚಿ ಜೋಡಿಸಿ ಹೊರಡುವಾಗ ನನ್ನ ಹತ್ತಿರ ಬಂದು ಕೇಳಿದ: ‘ಅಕ್ಕಾ, ಆ ಮಗು ಕೊನೆಗೆ ಸಿಕ್ಕಿತಾ?’

ಮಧ್ಯಾಹ್ನದ ಸಿನಿಮಾದಲ್ಲಿ ಪೇಟೆಯಲ್ಲಿ ಒಂದು ಮಗು ಕಳೆದುಹೋಗುತ್ತದೆ. ತಾಯಿ ಕೂಗುವುದು ಬಾಗಿಲ ಹೊರಗಿನ ಹುಡುಗನಿಗೆ ಕೇಳಿದೆ. ಆಮೇಲೆ ಬರೀ ಗಾಳಿಯ ಸದ್ದು. ಸಿಕ್ಕಿತೋ ಇಲ್ಲವೋ ಅವನಿಗೆ ಗೊತ್ತಿಲ್ಲ. ನಾನೂ ಆ ಹೊತ್ತಿಗೆ ಊಟದ ಲೆಕ್ಕ ಹಿಡಿದು ಅಡುಗೆಯವರ ಹತ್ತಿರ ಇದ್ದೆ. ನನಗೂ ಗೊತ್ತಿರಲಿಲ್ಲ.

ಮನೆಗೆ ಹೋಗಿ ಅಜ್ಜನ ಹತ್ತಿರ ಹೇಳಿದೆ. ಅಜ್ಜ ಸಿನಿಮಾ ಕಲಿತದ್ದು ಹೆಗ್ಗೋಡಿನಲ್ಲಿ. ಎಪ್ಪತ್ತರ ದಶಕದಲ್ಲಿ ಅಲ್ಲಿನ ರಂಗಸಂಸ್ಥೆ ನೀನಾಸಂನವರು, ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರು, ಹಳ್ಳಿಯ ಜನಕ್ಕೆ ಜಪಾನಿನ, ಇಟಲಿಯ ಸಿನಿಮಾ ತೋರಿಸುತ್ತಿದ್ದ ಕಾಲ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಸತೀಶ್ ಬಹಾದೂರ್ ಬಂದು ಸಿನಿಮಾ ನೋಡುವುದು ಹೇಗೆ ಅಂತ ಪಾಠ ಮಾಡಿದ್ದನ್ನು ಅಜ್ಜ ನಿನ್ನೆ ನಡೆದ ಹಾಗೆ ಹೇಳುತ್ತಾರೆ. ತೋಟದಿಂದ ನೇರ ಪಂಚೆಯಲ್ಲೇ ಹೋಗಿ ಕೂರುತ್ತಿದ್ದರಂತೆ. ಆಗ 16 ಎಂಎಂ ಪ್ರೊಜೆಕ್ಟರ್. ಒಂದು ರೀಲು ಮುಗಿದರೆ ಲೈಟ್ ಹಾಕಿ ಇನ್ನೊಂದು ಏರಿಸಬೇಕು. ‘ಹೋಗುವವರು, ಬರುವವರು, ಕೆಮ್ಮುವವರು ಎಲ್ಲ ಆಗಲೇ. ರೀಲು ಓಡುವಾಗ ಬಾಗಿಲು ಕಾಯುವವನೂ ಒಳಗೇ ಕೂತು ನೋಡ್ತಿದ್ದ’ ಅಂದರು. ‘ನೀನು ಸಿನಿಮಾದ ಲೆಕ್ಕ ಬಿಟ್ಟು ಗಡಿಯಾರದ ಲೆಕ್ಕ ಹಿಡಿದೆಯಲ್ಲೇ’ ಅಂದರು.

ನಾಲ್ಕು ಬಣ್ಣದ ಪಟ್ಟಿ ಹರಿದು ಹಾಕಿದೆ. ರಾತ್ರಿ ಹನ್ನೊಂದಕ್ಕೆ ಗ್ರೂಪಿನಲ್ಲಿ ಹೊಸ ಪಟ್ಟಿ. ದಿನಕ್ಕೆ ಮೂರು ಸಿನಿಮಾ, ಆರಾರು ಜನರ ಮೂರು ತಂಡ. ಒಂದು ಸಿನಿಮಾಕ್ಕೆ ಕೆಲಸ, ಒಂದು ಸಿನಿಮಾ ಕುರ್ಚಿಯಲ್ಲಿ ಕೂತು ಪೂರ್ತಿ ನೋಡುವುದು, ಒಂದು ಹೊತ್ತು ರಜೆ. ಊಟ, ಬಸ್ಸು, ನಿದ್ದೆ, ಏನು ಬೇಕಾದರೂ. ದೂರದ ಊರಿನವರಿಗೆ ಸಂಜೆಯೇ ರಜೆ. ಪಾಳಿ ಬದಲಾಗುವುದು ಸಿನಿಮಾ ಮುಗಿದು ಲೈಟ್ ಬಂದ ಮೇಲೆ ಮಾತ್ರ. ಶುರುವಾಗಿ ಹದಿನೈದು ನಿಮಿಷಕ್ಕೆ ಮುಂದಿನ ಬಾಗಿಲು ಬಂದ್. ತಡವಾಗಿ ಬಂದವರಿಗೆ ಹಿಂದಿನ ಬಾಗಿಲು, ಅಲ್ಲಿ ಒಂದರ ಹಿಂದೆ ಒಂದು ಎರಡು ಬಟ್ಟೆ ಪರದೆ. ಬಾಗಿಲಿನವರೂ ಆ ಬಟ್ಟೆ ಪರದೆಯ ಒಳಗೇ, ಸ್ಟೂಲ್ ಮೇಲೆ.

ಎರಡನೇ ದಿನ 19 ಇದ್ದವರು 23 ಆದರು. ಮೂರನೇ ದಿನ 27. ಯಾರಿಗೂ ಫೋನ್ ಮಾಡಿ ಗೋಗರೆಯಲಿಲ್ಲ. ‘ಅಕ್ಕ ಸಿನಿಮಾ ನೋಡೋಕೆ ಬಿಡ್ತಾಳಂತೆ’ ಎಂಬ ಸುದ್ದಿ ಹಾಸ್ಟೆಲ್‌ನಲ್ಲಿ ಹರಡಿತು, ಅಷ್ಟೆ. ಟೀ ಶರ್ಟಿಗೆ ಬಂದವರು ಟೀ ಶರ್ಟ್ ತೊಟ್ಟು ಮಾಯವಾಗುತ್ತಾರೆ. ಸಿನಿಮಾಕ್ಕೆ ಬಂದವರು ಕುರ್ಚಿ ಒರೆಸಲೂ ನಿಲ್ಲುತ್ತಾರೆ. ಇದನ್ನು ನಾನು ಡಿಸೆಂಬರಿನಲ್ಲೇ ತಿಳಿದುಕೊಳ್ಳಬಹುದಿತ್ತು. ನಾನೇ ಎರಡು ವರ್ಷದ ಹಿಂದೆ ಸ್ವಯಂಸೇವಕಿಯಾಗಿದ್ದು ಪುಕ್ಕಟೆ ಸಿನಿಮಾದ ಆಸೆಗೆ.

ಮೊಬೈಲ್ ದೂರಿಗೆ ಬರುತ್ತೇನೆ. ಹಿಂದಿನ ಸಾಲಿನಲ್ಲಿ ಮೂವರು ಕೂತಿದ್ದರು. ಅವರಲ್ಲಿ ಇಬ್ಬರದ್ದು ಕೆಲಸ. ಲ್ಯಾಪ್‌ಟಾಪ್ ಇದ್ದದ್ದು ಮುಂದೆ, ಪ್ರೊಜೆಕ್ಟರ್ ಪಕ್ಕ. ಅಲ್ಲಿ ಕೂತವನಿಗೆ ಹಿಂದೆ ಸದ್ದು ಹೇಗೆ ಕೇಳುತ್ತಿದೆ, ಅಕ್ಷರ ಕಾಣುತ್ತಿದೆಯಾ ಎಂದು ತಿಳಿಯುವುದಿಲ್ಲ. ಹಿಂದಿನವರು ಮೆಸೇಜ್ ಹಾಕಬೇಕು: ‘ಸೌಂಡ್ ಸ್ವಲ್ಪ ಕಮ್ಮಿ’, ‘ಸಬ್‌ಟೈಟಲ್ ಮುಂದೆ ಓಡ್ತಿದೆ’. ಹಳೇ ಕಪ್ಪು ಬಿಳುಪು ಚಿತ್ರ ಅಗಲ ಪರದೆಗೆ ಹಿಗ್ಗಿ ಎಲ್ಲರ ಮುಖ ಹಲಸಿನ ಹಣ್ಣಿನ ಹಾಗೆ ಆದಾಗ ಮೊದಲು ಹೇಳಿದವರೂ ಅವರೇ.

ಸಬ್‌ಟೈಟಲ್ ಬಗ್ಗೆ ಹೇಳದೆ ಇರಲಾರೆ. ಎರಡು ಚಿತ್ರಗಳಿಗೆ ನಮ್ಮವರೇ ಕನ್ನಡದಲ್ಲಿ ಸಬ್‌ಟೈಟಲ್ ಬರೆದರು. ನಾಲ್ಕು ಜನ, ಮೂರು ವಾರ. ಮೊದಲ ಸಲ ಹಾಕಿ ನೋಡಿದರೆ ಪರದೆ ಮೇಲೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಒಬ್ಬಳು ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದಳು, ಎಲ್ಲ ಕಡೆ ಓದಲು ಬರುವ ಯೂನಿಕೋಡ್‌ನಲ್ಲಿ ಅಲ್ಲ. ಅದನ್ನು ಬದಲಾಯಿಸಿದೆವು. ಇನ್ನೊಬ್ಬ ಸೇವ್ ಮಾಡುವಾಗ ಕನ್ನಡ ಅಕ್ಷರ ಉಳಿಸುವ ಯುಟಿಎಫ್-8 ಬಿಟ್ಟು ಆನ್ಸಿ ಒತ್ತಿದ. ಕನ್ನಡವೆಲ್ಲ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ. ಅದೂ ಸರಿಯಾಯಿತು. ಆಮೇಲೆ ಸಮಯ. ನಾವು ಲೆಕ್ಕ ಹಿಡಿದ ಫೈಲ್ ಸೆಕೆಂಡಿಗೆ 25 ಫ್ರೇಮಿನ, ಅಂದರೆ ಸ್ವಲ್ಪ ಬೇಗ ಓಡುವ, ಪ್ರತಿಯದು, ಕೈಯಲ್ಲಿದ್ದ ಸಿನಿಮಾ 24 ಫ್ರೇಮಿನದು. ಹತ್ತನೇ ನಿಮಿಷಕ್ಕೆ ಅಕ್ಷರ 24 ಸೆಕೆಂಡ್ ಮುಂದೆ. ಮನೆಯವರು ಅಳುವ ಮಾತು ಮೊದಲು, ಮುದುಕ ಸಾಯುವುದು ಆಮೇಲೆ. ಹಿಂದಿನ ರಾತ್ರಿ ಎರಡು ಗಂಟೆಯವರೆಗೆ ಕೂತು ಸರಿ ಮಾಡಿದರು. ಆ ನಾಲ್ವರಲ್ಲಿ ಇಬ್ಬರು ಇದೇ ಹಿಂದಿನ ಸಾಲಿನ ಮೊಬೈಲಿನವರು.

ಮೂರನೆಯವನು ಕ್ರಿಕೆಟ್ ನೋಡುತ್ತಿದ್ದ. ಅದು ನಿಜ. ಅವನಿಗೆ ಹೇಳಿದ್ದೇನೆ.

ಹಿರಿಯರು ಕೇಳದೆ ಇದ್ದ ಒಂದು ವಿಷಯವನ್ನು ನಾನೇ ಸೇರಿಸುತ್ತೇನೆ. ಇಲ್ಲಿ ಕೆಲಸ ಮಾಡಿದ ಈ 27 ಜನಕ್ಕೆ, ಬಂದ ದಿನಗಳಿಗೆಲ್ಲ, ಕಾಲೇಜಿನ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಬಿದ್ದಿದೆ. ಪರೀಕ್ಷೆಗೆ ಕೂರಲು ನೂರಕ್ಕೆ 75 ಹಾಜರಿ ಬೇಕು. ಅಡಿಕೆಗೆ, ಜ್ವರಕ್ಕೆ, ಬಸ್ಸು ಕೆಟ್ಟದ್ದಕ್ಕೆ ಅಂತ ಮೊದಲೇ ದಿನ ಕಳೆದುಕೊಂಡ ಹಳ್ಳಿಯ ಮಕ್ಕಳಿಗೆ ಮೂರು ದಿನವೂ ದೊಡ್ಡದೇ. ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆಯ ಸೇವೆಯನ್ನು ಡೈರಿಯಲ್ಲಿ ಬರೆದು ಸಹಿ ಹಾಕುತ್ತಾರೆ, ಸರ್ಟಿಫಿಕೇಟ್ ಕೊಡುತ್ತಾರೆ. ಚಿತ್ರೋತ್ಸವದಲ್ಲಿ ಯಾರು ಎಷ್ಟು ಹೊತ್ತು ಇದ್ದರು ಎಂಬ ಪಟ್ಟಿ ನನ್ನ ಹತ್ತಿರವೂ ಇದೆ, ಸಿನಿಮಾದ ಲೆಕ್ಕದಲ್ಲಿ. ಕೊಡಲು ಹೋದಾಗ ‘ಸಿನಿಮಾ ನೋಡಿದ್ದಕ್ಕೆಲ್ಲ ಹಾಜರಿ ಕೊಡ್ತಾರೇನಮ್ಮಾ?’ ಎಂಬ ಉತ್ತರ ಸಿಕ್ಕಿತು. ಉದ್ಘಾಟನೆಯಲ್ಲಿ ‘ಸಿನಿಮಾ ನೋಡುವುದೂ ಶಿಕ್ಷಣವೇ’ ಎಂದು ಭಾಷಣ ಆಗಿತ್ತು. ನಿಮ್ಮ ವರದಿಯಲ್ಲೂ ಅದೇ ತಲೆಬರಹ ಬಂದಿತ್ತು. ಆ ತಲೆಬರಹದ ಕಟಿಂಗನ್ನು ಪಟ್ಟಿಗೆ ಲಗತ್ತಿಸಿ ಮತ್ತೆ ಕೊಟ್ಟಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಮುಂದಿನ ವರ್ಷ ನಾನು ಇಲ್ಲಿರುವುದಿಲ್ಲ. ಪಟ್ಟಿ ಬರೆಯುವವರು ಎರಡನೇ ವರ್ಷದ ಇಬ್ಬರು. ದಿನಾಂಕ ಗೊತ್ತು ಮಾಡುವ ಮೊದಲು ಕೊನೆಗಾರರನ್ನೂ ಬಸ್ ಸ್ಟ್ಯಾಂಡಿನ ಕಂಟ್ರೋಲರನ್ನೂ ಕೇಳಿ ಅಂತ ಹೇಳಿದ್ದೇನೆ. ಆ ಹಿರಿಯರು ಮತ್ತೆ ಬರಬೇಕು. ಅವರಿಗೆ ಮೂರನೇ ಸಾಲಿನ ನಡುವಿನ ಕುರ್ಚಿ, ಎರಡೂ ಬಾಗಿಲಿಗೆ ದೂರ. ಒಳಗೆ ಬಿಡುವವಳು ಅದೇ ಹುಡುಗಿ. ಈ ಸಲ ‘ಅಜ್ಜಾ’ ಅನ್ನುತ್ತಾಳಂತೆ.

ಹಾಂ, ಮಗು ಸಿಕ್ಕಿತು. ಮೂರನೇ ದಿನ ರಾತ್ರಿ ಹಾಲ್ ಖಾಲಿಯಾದ ಮೇಲೆ ಆ ಸಿನಿಮಾದ ಕೊನೆಯ ಇಪ್ಪತ್ತು ನಿಮಿಷವನ್ನು ಆ ಹುಡುಗನಿಗೂ ನನಗೂ ಲ್ಯಾಪ್‌ಟಾಪಿನವನು ಇನ್ನೊಂದು ಸಲ ಹಾಕಿ ತೋರಿಸಿದ.

ಇಂತಿ,
ಅಂತಿಮ ಬಿ.ಎ. ವಿದ್ಯಾರ್ಥಿನಿ
ಸಾಗರ, ಶಿವಮೊಗ್ಗ ಜಿಲ್ಲೆ
(ಹೆಸರು ಪ್ರಕಟಿಸುವುದು ಬೇಡ. ಹಾಜರಿ ಇನ್ನೂ ಅವರ ಕೈಯಲ್ಲೇ ಇದೆ.)