ಖಡಕ್ ರೊಟ್ಟಿ ಮುಗಿದವು, ಅವ್ವ

ಮ್ಯೂನಿಕ್
ಭಾನುವಾರ ಮಧ್ಯಾಹ್ನ

ಅವ್ವ, ಅಪ್ಪ,

ಪಂಚಮಿ ಫೋಟೋ ಎಲ್ಲಾ ನೋಡಿದೆ. ಅಕ್ಕ ಜೋಕಾಲಿ ಮೇಲೆ ಕೂತು ನನಗೆ ತೋರಿಸಿ ತೋರಿಸಿ ಉಂಡಿ ತಿಂದಿದ್ದಾಳೆ. ಲೆಕ್ಕ ಬರೆದಿಟ್ಟಿದ್ದೇನೆ ಅಂತ ಅವಳಿಗೆ ಹೇಳಿ. ಇನ್ನೊಂದು ಸುದ್ದಿ, ನೀನು ಕಳಿಸಿದ ಖಡಕ್ ರೊಟ್ಟಿ ಮುಗಿದವು. ಐವತ್ತು ರೊಟ್ಟಿ ಮೂರು ವಾರದಲ್ಲಿ ಹೆಂಗ ಮುಗಿಸಿದೆ ಅಂತ ಬೈಯಬೇಡ, ನಾನೊಬ್ಬಳೇ ತಿಂದಿಲ್ಲ. ಅದನ್ನು ಹೇಳೋಕೇ ಈ ಪತ್ರ.

ಫೋನಿನಲ್ಲಿ ನೀನು ಯಾವಾಗಲೂ ಎರಡೇ ಮಾತು ಕೇಳುತ್ತೀ. "ಉಂಡಿಯೇನ?" ಆಮೇಲೆ "ಮಾತಾಡಾಕ ಯಾರರ ಅದಾರೇನ?" ಮೊದಲನೆಯದಕ್ಕೆ ನಿಜ ಹೇಳಿದ್ದೇನೆ. ಎರಡನೆಯದಕ್ಕೆ ಬಂದ ಅಕ್ಟೋಬರಿನಿಂದ ಮಾರ್ಚ್ ತನಕ ಬರೀ ಸುಳ್ಳು ಹೇಳಿದ್ದೇನೆ. ಯಾರೂ ಇರಲಿಲ್ಲ. ಸುಮಾರು 15 ಲಕ್ಷ ಜನ ಇರುವ ಊರು ಇದು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲಾ ಕತ್ತಲೆ, ಭಾನುವಾರ ಅಂಗಡಿಗಳೆಲ್ಲಾ ಬಂದ್, ಕಾನೂನೇ ಹಾಗಿದೆ. ನಮ್ಮ ವಿಜಯಪುರದಲ್ಲಿ ಬೇಜಾರಾದರೆ ಶಾಸ್ತ್ರಿ ಮಾರ್ಕೆಟ್ಟಿಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ತಂದರೂ ನಾಲ್ಕು ಜನ ಮಾತಾಡಿಸುತ್ತಾರೆ. ಇಲ್ಲಿ ಶನಿವಾರ ರಾತ್ರಿಯಿಂದ ಸೋಮವಾರ ಬೆಳಗ್ಗೆ ತನಕ ಬಾಯಿಯೇ ತೆರೆಯದೆ ಇದ್ದದ್ದು ಎಷ್ಟೋ ಸಲ.

ನನ್ನ ತಪ್ಪೂ ಇತ್ತು. ಸಂಕ್ರಾಂತಿ ಹೊತ್ತಿಗೆ ಶೇಂಗಾ ಹೋಳಿಗೆ ಮಾಡಿ, ಡಬ್ಬಿ ಹಿಡಿದುಕೊಂಡು ಆಫೀಸಿನ ಗೆಳತಿಯ ಮನೆಗೆ ಸುಮ್ನೆ ಹೋಗಿಬಿಟ್ಟೆ. ನಮ್ಮ ಓಣಿಯಲ್ಲಿ "ಅಕ್ಕಾರ, ಅದೀರೇನ್ರಿ" ಅನ್ನುತ್ತಾ ಅಡುಗೆಮನೆ ತನಕ ಹೋಗುತ್ತೇವಲ್ಲ, ಅದೇ ಧೈರ್ಯ. ಅವಳು ಅರ್ಧ ಬಾಗಿಲು ತೆರೆದು, ಗಾಬರಿಯಾಗಿ, "ಏನಾಯಿತು, ಹುಷಾರಿಲ್ವಾ?" ಅಂದಳು. ಡಬ್ಬಿ ತಗೊಂಡಳು, ಥ್ಯಾಂಕ್ಸ್ ಹೇಳಿದಳು, ಬಾಗಿಲು ಹಾಕಿಕೊಂಡಳು. ಸೋಮವಾರ ಡಬ್ಬಿ ತೊಳೆದು ವಾಪಸ್ ಕೊಟ್ಟಳು. ಖಾಲಿ ಡಬ್ಬಿ, ಅವ್ವ! ಒಂದು ಚಮಚ ಸಕ್ಕರೆ ಕೂಡ ಹಾಕಿರಲಿಲ್ಲ. ಆಮೇಲೆ ಮೊಬೈಲ್ ತೆಗೆದು ಕ್ಯಾಲೆಂಡರ್ ನೋಡಿ, ಮೂರು ವಾರದ ನಂತರದ ಶನಿವಾರ ಮಧ್ಯಾಹ್ನ ಮೂರಕ್ಕೆ ಬಾ ಅಂದಳು. ನನಗೆ ಸಿಟ್ಟು ಬಂತು, ಇದೇನು ದವಾಖಾನೆಯ ನಂಬರ್ ಚೀಟಿಯೇ ಅಂತ. ಆದರೂ ಹೋದೆ. ನನಗಾಗಿ ಆ್ಯಪಲ್ ಕೇಕ್ ಮಾಡಿ, ಟೇಬಲ್ ಮೇಲೆ ಬಟ್ಟೆ ಹಾಸಿ, ಫೋನ್ ಬೇರೆ ಕೋಣೆಯಲ್ಲಿಟ್ಟು ಕೂತಿದ್ದಳು. ಏಳು ಗಂಟೆ ತನಕ ಮಾತಾಡಿದೆವು. ಅವಳ ಮೇಲಿನ ಸಿಟ್ಟು ಅಲ್ಲಿಗೇ ಹೋಯಿತು. ಡಬ್ಬಿಯ ಸಿಟ್ಟು ಮಾತ್ರ ಇನ್ನೂ ಸ್ವಲ್ಪ ಇದೆ.

ಇನ್ನೊಂದು ಭಾನುವಾರ ಶೇಂಗಾ ಚಟ್ನಿ ಕುಟ್ಟುತ್ತಿದ್ದೆ. ಯಾರೋ ಬಾಗಿಲು ಬಡಿದರು. ಕೆಳಗಿನ ಮನೆಯ ಅಜ್ಜಿ. ಕೊನೆಗೂ ಒಬ್ಬರು ಮಾತಾಡಿಸೋಕೆ ಬಂದರಲ್ಲ ಅಂತ ಖುಷಿಯಾಗಿ, ಒಳಗೆ ಬನ್ನಿ, ಚಹಾ ಮಾಡುತ್ತೇನೆ ಅಂದೆ. ಅವರು ಒಳಗೆ ಬರಲಿಲ್ಲ. "ಇವತ್ತು ಭಾನುವಾರ" ಅಂತಷ್ಟೇ ಹೇಳಿ ಇಳಿದು ಹೋದರು. ಭಾನುವಾರ ಸದ್ದು ಮಾಡಬಾರದಂತೆ ಇಲ್ಲಿ. ಈಗ ಶನಿವಾರವೇ ಕುಟ್ಟಿ ಇಡುತ್ತೇನೆ. ಮೆಟ್ಟಿಲ ಮೇಲೆ ಸಿಕ್ಕರೆ ಅಜ್ಜಿ "ಗ್ರೂಸ್ ಗಾಟ್" ಅನ್ನುತ್ತಾರೆ. ದೇವರ ಹೆಸರು ಹಿಡಿದು ಮಾಡುವ ನಮಸ್ಕಾರ ಅದು, ನಮ್ಮ ಶರಣ್ರಿ ಇದ್ದ ಹಾಗೆ. ಅದಕ್ಕಿಂತ ಮುಂದೆ ನಮ್ಮ ಸ್ನೇಹ ಹೋಗಿಲ್ಲ.

ಇಲ್ಲಿ ಕನ್ನಡದವರ ಕೂಟವೂ ಇದೆ. ಯುಗಾದಿಗೆ ಹೋಗಿದ್ದೆ, ಊಟ ಚೆನ್ನಾಗಿತ್ತು. ನನ್ನ ಮಾತು ಕೇಳಿ ಒಬ್ಬರು "ನೀವು ಹುಬ್ಬಳ್ಳಿಯವರಾ?" ಅಂದರು. ಹುಬ್ಬಳ್ಳಿಯಂತೆ!

ಏಪ್ರಿಲ್‌ನಲ್ಲಿ ಆ ಕೇಕ್ ಗೆಳತಿಯೇ ಒಂದು ದಾರಿ ತೋರಿಸಿದಳು. ಈ ಜನ ಎಲ್ಲದಕ್ಕೂ ಸಂಘ ಮಾಡಿಕೊಳ್ಳುತ್ತಾರೆ, "ಫೆರೈನ್" ಅನ್ನುತ್ತಾರೆ. ಏಳು ಜನ ಸೇರಿದರೆ ಸಾಕು, ರಿಜಿಸ್ಟರ್ ಮಾಡಿಸಬಹುದು. ಗುಡ್ಡ ಹತ್ತುವವರಿಗೊಂದು, ಚೆಸ್ ಆಡುವವರಿಗೊಂದು, ಹಾಡುವವರಿಗೊಂದು. ನಾನು ಹಾಡುವವರಲ್ಲಿ ಸೇರಿದೆ. ಶ್ರಾವಣದಲ್ಲಿ ನಿನ್ನ ಜೊತೆ ಭಜನೆ ಹಾಡಿದ್ದು ಬಿಟ್ಟರೆ ನನಗೇನು ಬರುತ್ತದೆ, ಅವ್ವ? ಸ್ವರದ ಕಾಗದ ಕೊಟ್ಟರೆ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು, ಪಕ್ಕದವರ ಬಾಯಿ ನೋಡಿ ಹಾಡಿದೆ. ಪ್ರತಿ ಮಂಗಳವಾರ ಏಳಕ್ಕೆ ಶುರು. ಏಳು ಅಂದರೆ ಆರು ಐವತ್ತಕ್ಕೇ ಎಲ್ಲರೂ ಕೂತಿರುತ್ತಾರೆ. ಎರಡು ತಿಂಗಳು ಹೋದೆ, ಹಾಡಿದೆ, ಬಂದೆ, ಅಷ್ಟೇ. ವಯಸ್ಸಾದವರು ಆಡುವುದು ಈ ಸೀಮೆಯ, ಅಂದರೆ ಬವೇರಿಯಾದ ಮಾತು, ನಾನು ಕ್ಲಾಸಿನಲ್ಲಿ ಕಲಿತ ಜರ್ಮನ್ ಅದರ ಮುಂದೆ ಏನೇನೂ ನಡೆಯಲ್ಲ. ಬೆಂಗಳೂರಿನವರು ನಮ್ಮ ಮನೆಗೆ ಬಂದಾಗ ಅಜ್ಜಿಯ ಮಾತು ಕೇಳಿ ಕಣ್ಣು ಕಣ್ಣು ಬಿಡುತ್ತಾರಲ್ಲ, ನನ್ನ ಗತಿ ಹಾಗಾಗಿತ್ತು.

ಜೂನ್‌ನಲ್ಲಿ ಜ್ವರ ಬಂದು ಒಂದು ವಾರ ಹೋಗಲಿಲ್ಲ. ಮುಂದಿನ ಮಂಗಳವಾರ ಬಾಗಿಲಲ್ಲೇ ಮೂರು ಜನ ಕೇಳಿದರು, "ಹೋದ ವಾರ ಎಲ್ಲಿದ್ದೆ?" ನನಗೆ ಗಂಟಲು ಕಟ್ಟಿತು. ಆಗ ನೆನಪಾದವರು ನೀವು, ಅಪ್ಪ. ಗೋಳಗುಮ್ಮಟದ ಗಾರ್ಡನ್ನಿನಲ್ಲಿ ಬೆಳಗ್ಗೆ ವಾಕಿಂಗ್ ಮಾಡುವ ನಿಮ್ಮ ಗುಂಪು ಇದೆಯಲ್ಲ, ನೀವು ಒಂದು ದಿನ ತಪ್ಪಿಸಿದರೆ ಎಂಟು ಗಂಟೆಗೆ ಮನೆ ಮುಂದೆ ಬಂದು ನಿಲ್ಲುತ್ತಾರೆ. ಮೂವತ್ತು ವರ್ಷದಿಂದ ಒಬ್ಬರನ್ನೊಬ್ಬರು ಊಟಕ್ಕೆ ಕರೆದಿದ್ದೀರೋ ಇಲ್ಲವೋ, ಆದರೆ ಬಾರದಿದ್ದರೆ ಗೊತ್ತಾಗುತ್ತದೆ.

ಈಗ ರೊಟ್ಟಿ ವಿಷಯ. ಬೇಸಿಗೆಯಲ್ಲಿ ಹಾಡು ಮುಗಿದ ಮೇಲೆ ಎಲ್ಲರೂ ಬಿಯರ್ ಗಾರ್ಡನ್‌ಗೆ ಹೋಗುತ್ತಾರೆ. ಅಪ್ಪ, ನಾನು ಕುಡಿಯುವುದು ಆ್ಯಪಲ್ ರಸಕ್ಕೆ ಸೋಡಾ ಹಾಕಿದ್ದು, ಮತ್ತೆ ಕೇಳಬೇಡಿ. ದೊಡ್ಡ ದೊಡ್ಡ ಚೆಸ್ಟ್‌ನಟ್ ಮರಗಳ ಕೆಳಗೆ ಉದ್ದ ಬೆಂಚು, ಗುರುತಿಲ್ಲದವರ ಪಕ್ಕದಲ್ಲೂ "ಇಲ್ಲಿ ಖಾಲಿ ಇದೆಯಾ" ಅಂತ ಕೇಳಿ ಕೂರಬಹುದು. ಮಜಾ ಏನೆಂದರೆ ಊಟ ಮನೆಯಿಂದ ತರಬಹುದು. ನಮ್ಮಲ್ಲಿ ಯಾವ ಹೋಟೆಲಿನವನು ಬಿಡುತ್ತಾನೆ? ಗಡ್ಡದ ಅಜ್ಜ ಒಬ್ಬರು ಕಥೆ ಹೇಳಿದರು. ಹಿಂದೆ ಬಿಯರ್ ಮಾಡುವವರು ನೆಲಮಾಳಿಗೆಯಲ್ಲಿ ಅದನ್ನು ತಂಪಾಗಿಡುತ್ತಿದ್ದರು, ಮೇಲೆ ನೆರಳಿಗೆ ಈ ಮರ ಹಚ್ಚಿದರು, ಅಲ್ಲೇ ಮಾರಲು ಶುರುಮಾಡಿದರು. ಊಟದ ಅಂಗಡಿಯವರು ನಮ್ಮ ಹೊಟ್ಟೆ ಮೇಲೆ ಹೊಡೆದರು ಅಂತ ಜಗಳ ತೆಗೆದರು. 1812ರಲ್ಲಿ ರಾಜ ಒಂದನೇ ಮ್ಯಾಕ್ಸಿಮಿಲಿಯನ್ ತೀರ್ಮಾನ ಕೊಟ್ಟ, ಬಿಯರ್ ಮಾರಿ, ಬ್ರೆಡ್ ಬಿಟ್ಟು ಬೇರೆ ಊಟ ಮಾರಬೇಡಿ ಅಂತ. ಜನ ಬುತ್ತಿ ತರಲು ಶುರುಮಾಡಿದರು. ಈಗಲೂ ಬಟ್ಟೆ ಹಾಸದ ಟೇಬಲ್ ಅಂದರೆ ಬುತ್ತಿಯವರದು.

ಬುತ್ತಿ ಅಂದ ಮೇಲೆ ನಾನು ಬಿಡುತ್ತೇನೆಯೇ. ಎಳ್ಳಮಾಸಿಗೆ ಹೊಲಕ್ಕೆ ಒಯ್ದ ಹಾಗೆ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಮೊಸರು ಎಲ್ಲಾ ಒಯ್ದೆ. ರೊಟ್ಟಿ ಮುರಿದ ಸದ್ದಿಗೆ ಪಕ್ಕದ ಟೇಬಲ್‌ನವರೂ ತಿರುಗಿ ನೋಡಿದರು. ಗಡ್ಡದ ಅಜ್ಜ ಚಟ್ನಿಯನ್ನು ಉಪ್ಪಿನಕಾಯಿಗಿಂತ ಜಾಸ್ತಿ ಹಚ್ಚಿಕೊಂಡು, ಕಣ್ಣಲ್ಲಿ ನೀರು ಹಾಕಿಕೊಂಡು, ಇನ್ನೊಂದು ಕೊಡು ಅಂದರು. ಮೊಸರು ಹಚ್ಚಿ ಕೊಟ್ಟೆ. ಈಗ ಪ್ರತಿ ಮಂಗಳವಾರ ಎಲ್ಲರೂ ಮೊದಲು ನನ್ನ ಚೀಲ ನೋಡುತ್ತಾರೆ. ಅವರೂ ಮೂಲಂಗಿ, ಚೀಸು, ಉಪ್ಪು ಹಚ್ಚಿದ ದಪ್ಪ ಬ್ರೆಡ್ ನನ್ನ ಕಡೆ ಸರಿಸುತ್ತಾರೆ. ಮೊನ್ನೆ ಒಬ್ಬರು ನನ್ನ ಡಬ್ಬಿ ಒಯ್ದು, ಪ್ಲಮ್ ಹಣ್ಣು ತುಂಬಿಸಿ ವಾಪಸ್ ಕೊಟ್ಟರು. ನಾನೇನೂ ಹೇಳಿಕೊಟ್ಟಿರಲಿಲ್ಲ, ಆಣೆ.

ಮುಂದಿನ ತಿಂಗಳು ಆಫೀಸಿನವರೊಬ್ಬರು ಸೊಲ್ಲಾಪುರಕ್ಕೆ ಬರುತ್ತಾರೆ, ವಾಪಸ್ ಬರುವಾಗ ಅವರ ಕೈಯಲ್ಲಿ ನೂರು ರೊಟ್ಟಿ ಕಳಿಸು. ಹೋದ ಸಲದ ಹಾಗೆ ಪೇಪರಿನಲ್ಲಿ ಸುತ್ತಿ, ಸ್ಟೀಲ್ ಡಬ್ಬಿಯಲ್ಲೇ ಹಾಕು, ಹತ್ತೂ ಒಡೆದಿರಲಿಲ್ಲ. ಅಗಸಿ ಚಟ್ನಿಗೆ ಖಾರ ಸ್ವಲ್ಪ ಕಡಿಮೆ ಇರಲಿ, ಅಜ್ಜನಿಗೋಸ್ಕರ.

ಮತ್ತೆ, ಮಂಗಳವಾರ ರಾತ್ರಿ ಊಟ ಮುಗಿಸಿ ಒಂಬತ್ತೂವರೆಗೆ ಫೋನ್ ಮಾಡಬೇಡಿ. ಇಲ್ಲಿ ಆಗ ಆರು ಗಂಟೆ, ನಾನು ಮನೆಯಲ್ಲಿ ಇರುವುದಿಲ್ಲ.

ನಿಮ್ಮ
ಸಣ್ಣಾಕಿ