ಕ್ರಾಕೊ ನೋಡಿ ಬಂದೆ, ನಮ್ಮ ಹಿತ್ತಿಲ ಧರೆ ನೆನಪಾಯಿತು

ಪ್ರೀತಿಯ ಪುಟ್ಟಿ,

ಅಷ್ಟೊಂದು ಫೋಟೊ ಕಳಿಸಿದೆ, ನೀನು ಒಂದು ಹೆಬ್ಬೆರಳು ಒತ್ತಿ ಸುಮ್ಮನಾದೆ. ಕೆಲಸದ ನಡುವೆ ಇದ್ದೆಯೇನೋ, ಇರಲಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇಲ್ಲಿ ರಾತ್ರಿ ಹತ್ತು ಗಂಟೆ. ನಿನ್ನ ಅಣ್ಣ, ಅತ್ತಿಗೆ ಮಲಗಿದ್ದಾರೆ. ಅಲ್ಲಿ ಒಂದೂವರೆ ಆಗಿರುತ್ತದೆ. ಬಂದ ಕೂಡಲೇ ಓದಿದೆ ಅಂತ ಗೊತ್ತಾದರೆ ನಾಳೆ ಬೈಸಿಕೊಳ್ಳುತ್ತೀಯ.

ನಿನ್ನೆ ಇಟಲಿಯ ಕ್ರಾಕೊ ಎಂಬ ಊರು ನೋಡಿದೆವು. ನೀನು ಬಂದಿದ್ದರೆ ನಮ್ಮನ್ನೆಲ್ಲ ಬಿಟ್ಟು ಗೋಡೆ ಬಿರುಕಿನ ಹಿಂದೆಯೇ ಓಡುತ್ತಿದ್ದೆ. ರಜೆ ಕೊಡದ ನಿನ್ನ ಬಾಸಿಗೆ ನನ್ನ ಪರವಾಗಿ ಎರಡು ಮಾತು ಅನ್ನು.

ಇಟಲಿ ಬೂಟಿನ ಆಕಾರದಲ್ಲಿದೆ ಅಲ್ವಾ, ಆ ಬೂಟಿನ ಹಿಮ್ಮಡಿಗೂ ಬೆರಳಿಗೂ ನಡುವಿನ ಬಾಗು ಇದೆಯಲ್ಲ, ಅದು ಬಸಿಲಿಕಾತಾ ಸೀಮೆ. ನಾವು ಉಳಿದುಕೊಂಡಿರುವುದು ಅಲ್ಲಿಯ ಮತೇರಾದಲ್ಲಿ. ಅಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಗೋಧಿ ಹೊಲ ಅರ್ಧ ಹಸಿರು, ಅರ್ಧ ಹಳದಿ, ಬದುವಿನ ತುಂಬ ಗಸಗಸೆ ಜಾತಿಯ ಕೆಂಪು ಹೂವು. ಸ್ವಲ್ಪ ದೂರ ಹೋದ ಮೇಲೆ ನೆಲದ ಬಣ್ಣವೇ ಬೇರೆಯಾಯಿತು. ಬೂದಿ ಬಣ್ಣದ ಜೇಡಿಮಣ್ಣಿನ ದಿಬ್ಬಗಳು, ಹುಲ್ಲು ಕಡಿಮೆ, ಮೇಲಿಂದ ಕೆಳಗಿನ ತನಕ ಮಳೆ ನೀರು ಗೀರಿದ ಕೊರಕಲು. ಇದಕ್ಕೆ ಇವರು ಕಲಾಂಕಿ ಅನ್ನುತ್ತಾರೆ. ನನಗೆ ಆನೆಯ ಮೊಣಕಾಲಿನ ಚರ್ಮ ಕಂಡ ಹಾಗಾಯಿತು. ಒಂದು ತಿರುವು ಕಳೆದದ್ದೇ ತಡ, ಎದುರಿಗೆ ಕ್ರಾಕೊ. 390 ಮೀಟರ್ ಎತ್ತರದ ಗುಡ್ಡ. ನೆತ್ತಿಯಲ್ಲಿ, ಹಿಂದೆ ಈ ಸೀಮೆ ಆಳಿದ ನಾರ್ಮನ್ನರ ಕಾಲದ ಚೌಕ ಗೋಪುರ. ಅದರ ಕೆಳಗೆ ಮನೆಯ ಮೇಲೆ ಮನೆ ಪೇರಿಸಿ ಇಟ್ಟಂತೆ ಊರು.

"ಎಷ್ಟು ಜನ ಇರಬಹುದೋ ಇಲ್ಲಿ?" ಅಂತ ಕೇಳಿದೆ. "ಯಾರೂ ಇಲ್ಲಮ್ಮ" ಅಂದ ಅಣ್ಣ. ಮೊದಲೇ ಹೇಳಿದ್ದನಂತೆ, ನಾನು ಕೇಳಿಸಿಕೊಂಡಿರಲಿಲ್ಲ. ಆಗ ಸರಿಯಾಗಿ ನೋಡಿದೆ. ಕೆಲವು ಕಿಟಕಿಗಳ ಒಳಗಿಂದ ಆಕಾಶ ಕಾಣುತ್ತಿತ್ತು.

ಒಳಗೆ ಹಾಗೆಲ್ಲ ನುಗ್ಗುವ ಹಾಗಿಲ್ಲ. ಸುತ್ತ ಬೇಲಿ. ಟಿಕೆಟ್ ತಗೊಂಡು ಗೈಡ್ ಜೊತೆಗೇ ಹೋಗಬೇಕು, ತಲೆಗೆ ಹೆಲ್ಮೆಟ್ ಕಡ್ಡಾಯ. ನೀವು ಸೈಟಿನಲ್ಲಿ ಹಾಕಿಕೊಳ್ಳುತ್ತೀರಲ್ಲ, ಅಂಥದ್ದೇ. ನನ್ನ ತುರುಬಿನ ಮೇಲೆ ಅದು ಕೂರಲೇ ಇಲ್ಲ. ಗೈಡ್ ಹುಡುಗಿ ಹಿಂದಿನ ತಿರುಪು ಬಿಗಿ ಮಾಡಿದಳು, ಸಡಿಲ ಮಾಡಿದಳು, ಕೊನೆಗೆ ಕೈಸನ್ನೆಯಲ್ಲೇ ತುರುಬು ಬಿಚ್ಚಿ ಅಂದಳು. 62ನೇ ವಯಸ್ಸಿನಲ್ಲಿ ಜಡೆ ಇಳಿಬಿಟ್ಟು, ಸೀರೆ ಮೇಲೆ ಜಾಕೆಟ್ಟು, ಕಾಲಿಗೆ ಅತ್ತಿಗೆಯ ಶೂ, ತಲೆ ಮೇಲೆ ಹೆಲ್ಮೆಟ್ಟು. ಆ ಫೋಟೊಕ್ಕೂ ನೀನು ಒತ್ತಿದ್ದು ಅದೇ ಹೆಬ್ಬೆರಳು.

ದಾರಿ ಕಿರಿದು, ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಒಂದು ಮನೆಯ ಎದುರು ಗೈಡ್ ನಿಲ್ಲಿಸಿದಳು. ಮುಂದಿನ ಗೋಡೆ ಜಾರಿ ಹೋಗಿದೆ, ಹಾಗಾಗಿ ಒಳಗಿನದೆಲ್ಲ ಬಟಾಬಯಲು. ಮೇಲಿನ ಅಂತಸ್ತಿನ ಗೋಡೆಗೆ ತಿಳಿನೀಲಿ ಸುಣ್ಣ, ಅಲ್ಲಲ್ಲಿ ಹಕ್ಕಳೆ ಎದ್ದಿದೆ. ಗೋಡೆಯಲ್ಲೊಂದು ಗೂಡು, ನಮ್ಮ ಹಳೇ ಮನೆಯಲ್ಲಿ ದೀಪ ಇಡುವ ಗೂಡಿನಷ್ಟೇ ಉದ್ದ ಅಗಲ. ಪಕ್ಕದಲ್ಲಿ ಒಂದು ಮೊಳೆ. ಮೊಳೆಯ ಕೆಳಗೆ ಚೌಕಾಕಾರದಲ್ಲಿ ನೀಲಿ ಇನ್ನೂ ಗಾಢವಾಗಿಯೇ ಉಳಿದಿದೆ. ಯಾವುದೋ ಪಟ ತೂಗಿದ್ದಿರಬೇಕು, ಹೋಗುವಾಗ ತೆಗೆದುಕೊಂಡು ಹೋಗಿದ್ದಾರೆ. ನೆಲ ಅರ್ಧ ಮಾತ್ರ ಇದೆ. ಆ ಅರ್ಧದ ಅಂಚಿನಿಂದ ಒಂದು ಅಂಜೂರದ ಗಿಡ ಹೊರಗೆ ಬಾಗಿದೆ, ತುಂಬ ಎಲೆ. ಅತ್ತಿಗೆ ಫೋಟೊ ತೆಗೆದಳು, ನಾನು ಆ ಮೊಳೆಯನ್ನೇ ನೋಡುತ್ತ ನಿಂತೆ.

ಭೂಕಂಪ ಆಗಿತ್ತಾ ಅಂತ ಕೇಳಿಸಿದೆ ಅಣ್ಣನ ಕೈಲಿ. ಗೈಡ್ ಹುಡುಗಿ ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಭೂಕಂಪ ಬಂದದ್ದು ಕೊನೆಗೆ, 1980ರ ನವೆಂಬರಿನಲ್ಲಿ. ಅಷ್ಟರಲ್ಲಿ ಊರು ಹೆಚ್ಚುಕಡಿಮೆ ಖಾಲಿಯಾಗಿತ್ತಂತೆ. ಶುರುವಾದದ್ದು 1963ರಲ್ಲಿ. ಗುಡ್ಡ ಜಾರಿತು, ಮನೆಗಳು ಬಿರುಕು ಬಿಟ್ಟವು, ಸುಮಾರು 1,800 ಜನರನ್ನು ಕೆಳಗಿನ ಬಯಲಿಗೆ, ಕ್ರಾಕೊ ಪೆಸ್ಕಿಯೇರಾ ಎಂಬ ಜಾಗಕ್ಕೆ ಕಳಿಸಿದರು. 1972ರಲ್ಲಿ ನೆರೆ ಬಂದು ವಾಪಸು ಹೋಗುವ ಆಸೆಯೂ ಹೋಯಿತು. ಗುಡ್ಡ ಯಾಕೆ ಜಾರಿತು ಅಂದರೆ, ಇಲ್ಲಿ ಹೇಳುವುದು ನೀರಿನ ಪೈಪು ಮತ್ತು ಒಳಚರಂಡಿಗೆ ಮಾಡಿದ ಕಾಮಗಾರಿಯ ಹೆಸರನ್ನೇ. ಊರಿಗೆ ಸವಲತ್ತು ಬರಲಿ ಅಂತಲೇ ಮಾಡಿದ್ದು. ಜೇಡಿಮಣ್ಣಿಗೆ ನೀರು ಕುಡಿಸಿದರೆ ಏನಾಗುತ್ತದೆ ಅಂತ ನಾನು ನಿನಗೆ ಹೇಳಬೇಕಾ? ನೀನೇ ನನಗೆ ಮೂರು ವರ್ಷದಿಂದ ಹೇಳುತ್ತಿದ್ದೀಯಲ್ಲ.

ಅಲ್ಲೇ, ಹೆಲ್ಮೆಟ್ ಹಾಕಿಕೊಂಡೇ, ನಮ್ಮ ಇಂಗುಗುಂಡಿ ನೆನಪಾಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಇಷ್ಟು ಕಷ್ಟಪಟ್ಟು ಗುಡ್ಡದ ತುದಿಯಲ್ಲಿ ಯಾಕೆ ಮನೆ ಕಟ್ಟಿದರು ಅಂತ ನೀನು ಕೇಳುತ್ತೀಯ. ನಾನೂ ಕೇಳಿದೆ. ಒಂದು, ದಾಳಿಯ ಭಯ. ಇನ್ನೊಂದು, ಕೆಳಗಿನ ಬಯಲಿನಲ್ಲಿ ಮಲೇರಿಯಾ. ಹೊಲ ಕೆಳಗೆ, ನಿದ್ದೆ ಮೇಲೆ. ಬೆಳಗ್ಗೆ ಕತ್ತೆ ಹೊಡೆದುಕೊಂಡು ಇಳಿಯುವುದು, ಸಂಜೆ ಹತ್ತುವುದು. ನಮ್ಮಜ್ಜಿ ಹೇಳುತ್ತಿದ್ದರಲ್ಲ, ಚಳಿಜ್ವರಕ್ಕೆ ಹೆದರಿ ಮಲೆನಾಡಿಗೆ ಹೆಣ್ಣು ಕೊಡುವುದಕ್ಕೂ ಹಿಂದೆಮುಂದೆ ನೋಡುತ್ತಿದ್ದರು ಅಂತ, ಅದು ಬೇರೆ ಥರದ ಹೆದರಿಕೆಯೇನಲ್ಲ. ಕ್ರಾಕೊದ ಹೆಸರು 1060ರ ದಾಖಲೆಯಲ್ಲೇ ಸಿಗುತ್ತದಂತೆ. 1656ರ ಪ್ಲೇಗಿನಲ್ಲಿ ನೂರಾರು ಜನ ಸತ್ತರು, ಆಗಲೂ ಊರು ಬಿಡಲಿಲ್ಲ. 1892ರಿಂದ 1922ರ ನಡುವೆ 1,300ಕ್ಕೂ ಹೆಚ್ಚು ಜನ ಹೊಲದಲ್ಲಿ ಹೊಟ್ಟೆ ತುಂಬದೆ ಅಮೆರಿಕದ ಕಡೆ ಹಡಗು ಹತ್ತಿದರು. ಉಳಿದವರು ಆಗಲೂ ಉಳಿದರು.

ಅಣ್ಣನಿಗೆ ಇದ್ಯಾವುದೂ ಬೇಡ. ಜೇಮ್ಸ್ ಬಾಂಡ್ ಸಿನಿಮಾ ಇಲ್ಲಿ ಶೂಟಿಂಗ್ ಆಗಿದೆ ಅನ್ನುವುದೊಂದೇ ಅವನ ಖುಷಿ. ಬಾಂಡ್ ಎಲ್ಲಿ ನಿಂತಿದ್ದ ಅಂತ ಗೈಡನ್ನು ಮೂರು ಸಲ ಕೇಳಿದ. ನನಗೆ ನಾಚಿಕೆಯಾಯಿತು.

ಇಳಿದು ಬರುವಾಗ ಪೆಸ್ಕಿಯೇರಾದಲ್ಲಿ ಕಾಫಿಗೆ ನಿಂತೆವು. ಹೊಸ ಊರು ಅಂತ ಏನಾದರೂ ನಿರೀಕ್ಷೆ ಇಟ್ಟುಕೊಂಡರೆ ಬೇಸರವಾಗುತ್ತದೆ. ಸಾಲುಮನೆಗಳು, ನೇರ ರಸ್ತೆ, ಅಷ್ಟೇ. ಕಾಫಿ ಅಂಗಡಿಯ ಹೊರಗೆ ಕೂತ ಒಬ್ಬ ಅಜ್ಜ ನನ್ನ ಸೀರೆ ನೋಡಿ ಮಾತಿಗೆ ಬಂದ. ಅಣ್ಣ ನಡುವೆ ಕೂತು ಕನ್ನಡ ಮಾಡಿದ. ಅಜ್ಜ ಮೇಲೆ ಹುಟ್ಟಿದವನು, ಊರು ಬಿಡುವಾಗ ಶಾಲೆಗೆ ಹೋಗುವ ಹುಡುಗ. ನಾನು ದುಃಖದ ಕಥೆ ಬರುತ್ತದೆ ಅಂತ ಸೆರಗು ಸರಿ ಮಾಡಿಕೊಂಡು ಕೂತೆ. ಅವನು ನಕ್ಕುಬಿಟ್ಟ. ಮೇಲೆ ಒಂದೇ ಕೋಣೆಯಲ್ಲಿ ಕತ್ತೆ, ಕೋಳಿ, ಇವರು ಎಲ್ಲ ಒಟ್ಟಿಗೆ ಮಲಗುತ್ತಿದ್ದರಂತೆ. ಕೆಳಗೆ ಬಂದ ಮೇಲೆ ಅವನ ತಾಯಿ ಬಚ್ಚಲಮನೆಗೆ ಬೀಗ ಹಾಕಿಟ್ಟಿದ್ದಳಂತೆ, ಮಕ್ಕಳು ಕೊಳೆ ಮಾಡುತ್ತಾರೆ ಅಂತ, ಒಂದು ವಾರ! ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಳಗೆ ಗಾಳಿ ಇಲ್ಲ, ಅಂದ. ಬೇಸಿಗೆಯಲ್ಲಿ ಕಾರು ತೆಗೆದುಕೊಂಡು ಬೇಲಿಯ ತನಕ ಹೋಗಿ ಕೂತು ಬರುತ್ತಾನಂತೆ. ಅವನ ಮನೆಯ ದಾರಿಯಲ್ಲಿ ಗೈಡ್ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ, ಅಪಾಯ ಜಾಸ್ತಿ.

ಮತೇರಾದ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದನ್ನು ಎಲ್ಲರೂ ಬರೆಯುತ್ತಾರೆ. ಬಂಡೆ ಕೊರೆದು ಮಾಡಿದ ಗುಹೆಮನೆಗಳು, 1952ರಲ್ಲಿ ಕಾನೂನು ಮಾಡಿ ಸುಮಾರು 15,000 ಜನರನ್ನು ಅಲ್ಲಿಂದ ಹೊರಗೆ ಕಳಿಸಿದ್ದು, 1993ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದ್ದು, ಈಗ ಅದೇ ಗುಹೆಯಲ್ಲಿ ಒಂದು ರಾತ್ರಿಗೆ ನಮ್ಮ ಒಂದು ತಿಂಗಳ ದಿನಸಿ ದುಡ್ಡು. ನಿನಗೆ ತೋರಿಸಬೇಕಾದ್ದು ಒಂದೇ. ಊರ ನಡುವಿನ ಚೌಕದ ಕೆಳಗೆ ಒಂದು ನೀರಿನ ತೊಟ್ಟಿ ಇದೆ, ಪಾಲೊಂಬಾರೊ ಲುಂಗೊ ಅಂತ. ತೊಟ್ಟಿ ಅಂದರೆ ಸಣ್ಣದು ಅಂದುಕೊಳ್ಳಬೇಡ, 50 ಲಕ್ಷ ಲೀಟರ್ ಹಿಡಿಯುತ್ತದೆ. ಬಂಡೆಯನ್ನೇ ಕೊರೆದದ್ದು. ಒಳಗೆ ಇಳಿದರೆ ತಲೆ ಎತ್ತಿ ನೋಡಬೇಕು, ದೇವಸ್ಥಾನದ ಒಳಗೆ ನಿಂತ ಹಾಗೆ. ಗೋಡೆಗೆಲ್ಲ ಗಾರೆ. ಸುಣ್ಣಕ್ಕೆ ಒಡೆದ ಮಡಕೆ, ಹೆಂಚಿನ ಪುಡಿ ಬೆರೆಸಿ ಮೆತ್ತಿದ್ದು, ನೀರು ಒಂದು ತೊಟ್ಟೂ ಬಂಡೆಗೆ ಇಳಿಯಬಾರದು ಅಂತ. ನಾನು ಬೆರಳಿಟ್ಟು ನೋಡಿದೆ, ಮುಟ್ಟಬೇಡಿ ಅಂತ ಬೈಸಿಕೊಂಡೆ. ಜನ ಅದನ್ನು ಮರೆತೇ ಬಿಟ್ಟಿದ್ದರಂತೆ, 1991ರಲ್ಲಿ ಮತ್ತೆ ಕಂಡದ್ದು. ಮತೇರಾದವರು ನೀರನ್ನು ಗಾರೆ ಹಚ್ಚಿ ಕಾಪಾಡಿಕೊಂಡರು, ಕ್ರಾಕೊದ ಗುಡ್ಡಕ್ಕೆ ನೀರು ಸುಮ್ನೆ ಇಳಿಯುತ್ತ ಹೋಯಿತು. ಎರಡೂ ಒಂದೇ ಸೀಮೆಯ ಊರು ನೋಡು.

ಊಟದ ವಿಷಯ ಬರೆಯದಿದ್ದರೆ ನಿನ್ನ ಅಪ್ಪ ಕೇಳುತ್ತಾರೆ. ಇಲ್ಲಿ ಸೆನೀಸೆ ಎಂಬ ಊರಿನ ಕೆಂಪು ಮೆಣಸಿನಕಾಯಿ ಸಿಗುತ್ತದೆ. ನಮ್ಮ ಬ್ಯಾಡಗಿಯ ದಾಯಾದಿ ಅನ್ನಬಹುದು, ಬಣ್ಣ ಪೂರ್ತಿ, ಖಾರ ಇಲ್ಲವೇ ಇಲ್ಲ. ದಾರಕ್ಕೆ ಪೋಣಿಸಿ ಮಾಲೆ ಮಾಡಿ ಬಿಸಿಲಿಗೆ ಒಣಗಿಸುತ್ತಾರೆ. ಬಿಸಿ ಆಲಿವ್ ಎಣ್ಣೆಯಲ್ಲಿ ಕೆಲವೇ ಕ್ಷಣ ಮುಳುಗಿಸಿ ತೆಗೆದರೆ, ಆರಿದ ಮೇಲೆ ಕುರುಂ ಅನ್ನುತ್ತದೆ. ನೋಡುವುದಕ್ಕೆ ನಮ್ಮ ಬಾಳಕದ ಮೆಣಸು, ಬಾಯಿಗೆ ಸಿಹಿ. ಪಾಸ್ತಾದ ಮೇಲೆ ಪುಡಿ ಮಾಡಿ ಹಾಕಿದರು. ನಾನು ಬ್ಯಾಗಿನಲ್ಲಿ ಮೊಸರನ್ನದ ಡಬ್ಬಿ ಇಟ್ಟುಕೊಂಡಿದ್ದೆನಲ್ಲ, ಹೋಟೆಲಿನ ಮೂಲೆ ಮೇಜಿನಲ್ಲಿ ಕೂತು ಎರಡನ್ನು ಮೊಸರನ್ನಕ್ಕೆ ಕಡಿದುಕೊಂಡೆ. ಅಣ್ಣನಿಗೆ ಮತ್ತೆ ನಾಚಿಕೆ. ಬಾಂಡ್ ಲೆಕ್ಕ ಅಲ್ಲಿಗೆ ತೀರಿತು.

ಈಗ ಧರೆ ವಿಷಯ.

ಕಾರು ನಿಲ್ಲಿಸಲು ಜಾಗ ಬೇಕು ಅಂತ ಜೆಸಿಬಿಯವನ ಮಾತು ಕೇಳಿ ಹಿತ್ತಿಲ ಗುಡ್ಡ ಕಡಿಸಿದ್ದು ನಾವು. ಹದಿನೈದು ಅಡಿ ನೆಟ್ಟಗೆ ನಿಂತ ಧರೆ. ಅದು ಸಾಲದು ಅಂತ ಧರೆಯ ತಲೆಯ ಮೇಲೆ, ಸೊಪ್ಪಿನಬೆಟ್ಟದ ಅಂಚಿಗೆ, ಇಂಗುಗುಂಡಿ ತೋಡಿಸಿದ್ದು ನಾನು. ಬಾವಿಗೆ ನೀರು ಬರುತ್ತದೆ ಅಂತ. ಬಂತು ಕೂಡ, ಹೋದ ಬೇಸಿಗೆಯಲ್ಲಿ ಬಾವಿ ತಳ ಕಾಣಲಿಲ್ಲ, ಅದಕ್ಕೇ ನನಗೆ ಅಷ್ಟು ಹೆಮ್ಮೆ. ನೀನು ನೋಡಿದ ದಿನವೇ ಹೇಳಿದೆ, ಅಮ್ಮ, ಈ ಗುಂಡಿ ಒಳ್ಳೆಯದೇ, ಜಾಗ ತಪ್ಪು, ನೀರು ಬಾವಿಗೆ ಹೋಗುವ ಮೊದಲು ಧರೆಗೆ ಹೋಗುತ್ತದೆ ಅಂತ. 2018ರಲ್ಲಿ ಕೊಡಗಿನ ಗುಡ್ಡ ಜಾರಿದಾಗ ಟಿವಿ ಮುಂದೆ ಕೂತು ಅಯ್ಯೋ ಅಂದವಳು ನಾನು. 2024ರಲ್ಲಿ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದ ದಿನ ನೀನು ಫೋನ್ ಮಾಡಿ ಕೂಗಾಡಿದೆ. ಓದಿದವಳ ಅತಿ ಅಂತ ನಿನ್ನ ಅಪ್ಪನ ಹತ್ತಿರ ಹೇಳಿದ್ದೂ ನಾನೇ. ಹೋದ ಮಳೆಗಾಲದಲ್ಲಿ ಧರೆಯ ಬುಡದಲ್ಲಿ ಜಲ ಎದ್ದು ಮಣ್ಣು ಬಣ್ಣದ ನೀರು ಬಂದಿತ್ತು, ನಿನಗೆ ಹೇಳಿರಲಿಲ್ಲ. ತಿಳಿನೀರು ಅಲ್ಲ, ಕೆಂಪು ನೀರು. ಈಗ ಹೇಳುತ್ತಿದ್ದೇನೆ.

ನಾನು ಊರಿಗೆ ಬರುವುದು ಜೂನ್ 3ಕ್ಕೆ. ಮೃಗಶಿರ ಹಿಡಿದರೆ ಕೆಲಸದವರು ಸಿಗುವುದಿಲ್ಲ, ಮಣ್ಣೂ ಕೇಳುವುದಿಲ್ಲ. ಈ ಶನಿವಾರ ರಜೆ ಇದ್ದರೆ ರಾತ್ರಿ ಬಸ್ಸಿಗೆ ಹೋಗಿ ಬಾ. ಮೊದಲು ಆ ಗುಂಡಿ ಮುಚ್ಚಿಸು, ಮುಚ್ಚುವಾಗ ಸಡಿಲ ಮಣ್ಣು ಸುರಿದು ಹೋಗಿಬಿಡುತ್ತಾರೆ, ನಿಂತು ದಮ್ಮಸ್ಸು ಹಾಕಿಸು. ಧರೆಯ ತಲೆಯ ಮೇಲೆ ನೀನು ಹೇಳಿದ್ದ ಅಡ್ಡ ಚರಂಡಿ ತೋಡಿಸಿ, ನೀರನ್ನು ತೋಟದ ಬಸಿಗಾಲುವೆಗೆ ತಿರುಗಿಸು. ಪಾಗಾರದಲ್ಲಿ ನೀರು ಹೊರಬರಲು ಪೈಪು ಇಟ್ಟಿದ್ದಾರಾ ನೋಡು. ಇಟ್ಟದ್ದು ನನಗೆ ನೆನಪಿಲ್ಲ. ಬಚ್ಚಲ ನೀರಿನ ಪೈಪು ಎಲ್ಲಿಗೆ ಹೋಗುತ್ತದೆ ಅಂತಲೂ ಒಮ್ಮೆ ಅಗೆಸಿ ನೋಡು. ದುಡ್ಡು ಕಪಾಟಿನ ಎರಡನೇ ಖಾನೆಯಲ್ಲಿದೆ, ಹಳೇ ಪಂಚಾಂಗದ ಕೆಳಗೆ. ಹೊಸ ಇಂಗುಗುಂಡಿ ಎಲ್ಲಿ ಅನ್ನುವುದನ್ನು ನಾನು ಬಂದ ಮೇಲೆ ಮಾತಾಡೋಣ, ಅದನ್ನು ಪೂರ್ತಿ ಬಿಡುವುದಕ್ಕೆ ನನಗೆ ಮನಸ್ಸಿಲ್ಲ.

ನಿನ್ನ ಅಪ್ಪ "ನೋಡೋಣ" ಅನ್ನುತ್ತಾರೆ. ಆ ನೀಲಿ ಗೋಡೆಯ ಫೋಟೊ ತೋರಿಸು. ಆಗಲೂ ನೋಡೋಣ ಅಂದರೆ ನನಗೆ ಫೋನ್ ಮಾಡು, ಇಲ್ಲಿ ಎಷ್ಟು ಗಂಟೆ ಅಂತ ನೋಡಬೇಡ.

ನಿನ್ನ ಅಮ್ಮ

ಮೆಣಸಿನಕಾಯಿ ಎರಡು ಮಾಲೆ ತಗೊಂಡಿದ್ದೇನೆ, ಒಂದು ನಿನಗೆ. ಹೆಲ್ಮೆಟ್ ಫೋಟೊ ಸ್ಟೇಟಸ್ಸಿಗೆ ಹಾಕಿದರೆ ಅದೂ ಇಲ್ಲ.