ಕಂಠಕ್ಕಿಂತ ಮೊದಲು ಕಿವಿ ಪಳಗಲಿ

ಮಾನ್ಯರೇ,

ವಿದೇಶದಿಂದ ರೇಡಿಯೊ ವರದಿ ಮಾಡುವ ಪತ್ರಕರ್ತರ ವೃತ್ತಿಯ ಬಗ್ಗೆ ನಿಮ್ಮಲ್ಲಿ ಬಂದ ಲೇಖನ ಚೆನ್ನಾಗಿತ್ತು. ಆದರೆ ಒಳ್ಳೆಯ ಕಂಠ, ಶುದ್ಧ ಉಚ್ಚಾರ ಇದ್ದರೆ ಸಾಕು ಎಂಬ ಮಾತನ್ನು ಒಪ್ಪಲಾಗದು. ಆಡಿದ ಮಾತು ಕೆಟ್ಟ ಲೈನಿನಲ್ಲೂ ತಪ್ಪಿಲ್ಲದೆ ತಲುಪಬೇಕು. ಈ ಕೆಲಸದ ಕಷ್ಟವೆಲ್ಲ ಇರುವುದು ಅಲ್ಲಿ.

1935ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಮಾರ್ಕ್ ಟಲಿ, ತುರ್ತುಪರಿಸ್ಥಿತಿಯಲ್ಲಿ ದೇಶ ಬಿಡಬೇಕಾಗಿ ಬಂದರೂ ಮರಳಿ ಬಂದು, 1994ರಲ್ಲಿ ರಾಜೀನಾಮೆ ಕೊಡುವ ತನಕ ದೆಹಲಿಯಿಂದ ಬಿಬಿಸಿಗೆ ವರದಿ ಮಾಡಿದರು. ಆ ಕಾಲದ ರೇಡಿಯೊ ವರದಿಗಾರರ ಚೀಲದಲ್ಲಿ ಟೇಪ್ ರೆಕಾರ್ಡರಿನ ಜೊತೆ ಒಂದು ವಯರು, ಅದರ ತುದಿಗೆ ಎರಡು ಕ್ರೊಕೊಡೈಲ್ ಕ್ಲಿಪ್ (ಮೊಸಳೆ ಬಾಯಿಯಂಥ ಹಲ್ಲಿನ ಚಿಮಟ) ಇರುತ್ತಿದ್ದವು. ಸಿಕ್ಕಿದ ಫೋನಿನ ಬಾಯಿಮುಚ್ಚಳ ತಿರುಗಿಸಿ ತೆಗೆದು, ಒಳಗಿನ ಕಾರ್ಬನ್ ಮೈಕಿನ ಬಿಲ್ಲೆ ಹೊರತೆಗೆದು, ಅದು ಕೂರುತ್ತಿದ್ದ ಎರಡು ಸಂಪರ್ಕಗಳಿಗೆ ಕ್ಲಿಪ್ ಕಚ್ಚಿಸಿದರೆ ಟೇಪಿನ ಧ್ವನಿ ನೇರ ಲೈನಿಗೆ. ವಾಲ್ಯೂಮ್ ಹೆಚ್ಚಾದರೆ ಧ್ವನಿ ಒಡೆಯುತ್ತದೆ, ಕಡಿಮೆಯಾದರೆ ಲೈನಿನ ಸದ್ದೇ ಮೇಲಾಗುತ್ತದೆ. ಫೋನ್ ಲೈನು ದಾಟಿಸುವುದು ಸುಮಾರು 300ರಿಂದ 3400 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನಗಳ ಧ್ವನಿ ಮಾತ್ರ. ‘ಸ’ಕಾರದ ಬಲವೆಲ್ಲ ಅದರ ಮೇಲಿರುವುದರಿಂದ ಎಂಥ ಸೊಗಸಾದ ಕಂಠವೂ ಅಲ್ಲಿ ಮಂಕು.

ಹಾಗಾಗಿ ಮೊದಲು ಪಳಗಬೇಕಾದ್ದು ಕೇಳುವ ಕಿವಿಗೆ ತಕ್ಕ ಬರವಣಿಗೆ. ಕನ್ನಡಕ್ಕೆ ಇಲ್ಲಿ ಎರಡು ಅಪಾಯಗಳಿವೆ. ‘ಇಪ್ಪತ್ತು’, ‘ಎಪ್ಪತ್ತು’ಗಳಿಗೆ ಮೊದಲ ಸ್ವರವೊಂದೇ ವ್ಯತ್ಯಾಸ, ದೂರದೇಶದ ಪ್ರಸಾರ ತರುವ ಶಾರ್ಟ್‌ವೇವ್ ರೇಡಿಯೊದಲ್ಲಿ ಧ್ವನಿ ಏರಿಳಿಯುವಾಗ ಆ ಸ್ವರ ಮುಳುಗಿದರೆ ಲೆಕ್ಕವೇ ಬೇರೆ. ‘ದೋಣಿಗಳಲ್ಲಿದ್ದ ಎಪ್ಪತ್ತು ಮಂದಿಯಲ್ಲಿ ಅರವತ್ತು ಮಂದಿ ದಡ ಸೇರಿದ್ದಾರೆ, ಇನ್ನು ಹತ್ತು ಮಂದಿ ಬರಬೇಕು’ ಎಂದು ಬರೆದರೆ ಒಂದು ಸಂಖ್ಯೆ ಹೋದರೂ ಉಳಿದೆರಡು ಅದನ್ನು ಹಿಡಿದುಕೊಡುತ್ತವೆ. ಎರಡನೆಯದು ಇನ್ನೂ ದೊಡ್ಡದು. ನಮ್ಮ ‘ಇಲ್ಲ’ ಬರುವುದು ವಾಕ್ಯದ ಕೊನೆಗೆ. ‘ಯಾರಿಗೂ ಗಾಯವಾಗಿಲ್ಲ’ ಎನ್ನುವುದರ ಬಾಲ ಕಳೆದುಹೋದರೆ ಮನೆಯಲ್ಲಿ ಕೂತು ಕೇಳುವವರ ಎದೆ ಒಡೆಯುತ್ತದೆ. ‘ಎಲ್ಲರೂ ಪಾರಾಗಿದ್ದಾರೆ’ ಎನ್ನಬೇಕು.

ಬಿಬಿಸಿ ಹಿಂದಿಯ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ಕ್ಕೇ ನಿಂತಿತಲ್ಲ, ಇದೆಲ್ಲ ಈಗ ಯಾಕೆ ಎನ್ನಬಹುದು. ಮೊಬೈಲ್ ಕರೆಯೂ ತುಂಡುತುಂಡಾಗುತ್ತದೆ, ನುಂಗುವುದು ಅದೇ ಅಕ್ಷರಗಳನ್ನು. ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್ ಧ್ವನಿಯನ್ನು ಬಹಳ ಹಿಂಡುತ್ತದೆ. ಬೇರೆ ರೆಕಾರ್ಡರಿನಲ್ಲಿ ಮುದ್ರಿಸಿ ‘ಡಾಕ್ಯುಮೆಂಟ್’ ಆಗಿ ಕಳಿಸುವುದು ಲೇಸು. ರೆಕಾರ್ಡರಿನ ಸೆಟ್ಟಿಂಗ್ 48 ಕಿಲೋಹರ್ಟ್ಸ್, 16 ಬಿಟ್, ಮೊನೊ ಇಟ್ಟರೆ ನಿಮಿಷಕ್ಕೆ ಆರು ಎಂಬಿಯೂ ಆಗದು. ಫೋನು ಬಾಯಿಯಿಂದ ಒಂದು ಗೇಣು ದೂರ, ತುಸು ಓರೆಯಾಗಿರಲಿ. ಎದುರಿಗೇ ಹಿಡಿದರೆ ‘ಪ’, ‘ಭ’ಗಳ ಉಸಿರು ಮೈಕಿಗೆ ಬಡಿಯುತ್ತದೆ. ಆಟಿಯ ಮಳೆಗೆ ಶೀಟಿನ ಮಾಡಿನಡಿ ರೆಕಾರ್ಡಿಂಗ್ ಆಗದು, ಗಾಜು ಏರಿಸಿದ ಕಾರೇ ವಾಸಿ. ಗಂಟೆಯ ಲೆಕ್ಕವೂ ಗೊತ್ತಿರಬೇಕು. ಲಂಡನ್ನಿನ ಬೆಳಗಿನ ಏಳು ಗಂಟೆ ಚಳಿಗಾಲದಲ್ಲಿ ನಮಗೆ ಮಧ್ಯಾಹ್ನ ಹನ್ನೆರಡೂವರೆ, ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಹನ್ನೊಂದೂವರೆ. ಇದನ್ನು ಮರೆತವರ ವರದಿ ತಲುಪುವಾಗ ಬುಲೆಟಿನ್ ಮುಗಿದಿರುತ್ತದೆ.

2017ರಲ್ಲಿ ಬಿಬಿಸಿ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇವೆಗಳನ್ನು ಆರಂಭಿಸಿತು, ಕನ್ನಡವನ್ನು ಸೇರಿಸಲಿಲ್ಲ. ನಮ್ಮ ಮಕ್ಕಳಿಗೆ ಅಲ್ಲಿ ತಯಾರಾದ ಕುರ್ಚಿಯಿಲ್ಲ ಎಂಬ ಬೇಸರ ನಮಗಿದೆ. ಹಾಗೆಂದು ಕಲಿಕೆ ನಿಲ್ಲಬಾರದು. ಮಂಗಳೂರಿನಲ್ಲಿ ರೇಡಿಯೊ ಸಾರಂಗ್, ಮಣಿಪಾಲದಲ್ಲಿ ರೇಡಿಯೊ ಮಣಿಪಾಲ್ ಎಂಬ ಸಮುದಾಯ ಬಾನುಲಿ ಕೇಂದ್ರಗಳಿವೆ. ಸಮುದಾಯ ಬಾನುಲಿಗೆ ಸ್ವಂತ ಸುದ್ದಿ ಬಿತ್ತರಿಸಲು ಅನುಮತಿಯಿಲ್ಲ, ನಿಜ. ಆದರೆ ಹವಾಮಾನ, ವಾಹನ ಸಂಚಾರ, ಹಬ್ಬಹರಿದಿನದ ಮಾಹಿತಿಗೆ ಅಡ್ಡಿಯಿಲ್ಲ. ಪತ್ರಿಕೋದ್ಯಮ ವಿಭಾಗಗಳು ವಾರಕ್ಕೊಮ್ಮೆ ಒಬ್ಬ ವಿದ್ಯಾರ್ಥಿಯನ್ನು ಮಲ್ಪೆ ಬಂದರಿಗೆ ಕಳಿಸಿ, ಮೊಬೈಲಿನಲ್ಲಿ ನಲವತ್ತೈದು ಸೆಕೆಂಡಿನ ಹವಾಮಾನ ವರದಿ ಹೇಳಿಸಲಿ. ಬರಹ ನೋಡಿರದ ಇನ್ನೊಬ್ಬರು ಒಮ್ಮೆ ಮಾತ್ರ ಕೇಳಿ, ಕೇಳಿದ್ದನ್ನು ಬರೆಯಲಿ. ಎರಡೂ ಹಾಳೆಗಳನ್ನು ತರಗತಿಯ ಗೋಡೆಗೆ ಪಕ್ಕಪಕ್ಕ ಅಂಟಿಸಲಿ.

– ಕೆಲವು ಶಾರ್ಟ್‌ವೇವ್ ಕೇಳುಗರು, ಉಡುಪಿ